ಬಳ್ಳಾರಿ ಸೀಮೆಯ ಕೂಲಿಮಠಗಳ ದಿನಚರಿ

ಶ್ರೀರಾಘವೇಂದ್ರಸ್ವಾಮಿಗಳ ಮೂಲವೃಂದಾವನವಿರುವ ಮಂತ್ರಾಲಯವು ಇಂದು ಆಂಧ್ರಪ್ರದೇಶದಲ್ಲಿದ್ದರೂ ಆಂಗ್ಲರ ಕಾಲದಲ್ಲಿ ಬಳ್ಳಾರಿ ಜಿಲ್ಲೆಯ ಆದವಾನಿ ತಾಲ್ಲೂಕಿಗೆ ಸೇರಿತ್ತು. ಅಲ್ಲಿಯ ಮಹಿಮೆಯ ಕಥೆಯಿಂದ ಭಕ್ತರಿಗೆಲ್ಲ ಪರಿಚಿತನಾದ ಸರ್ ಥಾಮಸ್ ಮನ್ರೋ ಮದ್ರಾಸಿನ ಗವರ್ನರನಾಗಿದ್ದಾಗ, 1822ರಲ್ಲಿ, ಪ್ರತಿಯೊಂದು ಜಿಲ್ಲೆಯ ಶಾಲೆಗಳ ವಿವರವನ್ನು ಒಪ್ಪಿಸುವಂತೆ ಕಲೆಕ್ಟರುಗಳಿಗೆ ಆದೇಶಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತೆಲುಗು ವ್ಯಾಕರಣವನ್ನು ರಚಿಸಿದ ವಿದ್ವಾಂಸ. ಆದುದರಿಂದಲೇ ಏನೋ, 1823ರ ಆಗಸ್ಟ್ 17ರಂದು ಅವನು ಕಳುಹಿಸಿದ ವರದಿಯಲ್ಲಿ ಅಂಕಿಗಳಷ್ಟೇ ಅಲ್ಲದೆ ಬಾಲಕರ ದಿನಚರಿಯೂ ಸ್ಪಷ್ಟವಾಗಿ ಮೂಡಿದೆ.

ಐದನೆಯ ವರ್ಷದಲ್ಲಿ ವಿದ್ಯಾರಂಭ. ಅಯ್ಯಗಳೂ ಶಾಲೆಯ ಮಕ್ಕಳೂ ಬಾಲಕನ ಮನೆಗೇ ಬಂದು ಗಣಪತಿಯ ಸುತ್ತ ಕುಳಿತುಕೊಳ್ಳುತ್ತಿದ್ದರು. ಧೂಪ ನೈವೇದ್ಯಗಳಾದ ಮೇಲೆ ಬಾಲಕನು ಪ್ರಾರ್ಥನೆಯನ್ನು ಹೇಳಿ, ಗುರುಗಳು ಬೆರಳು ಹಿಡಿದು ತಿದ್ದಿಸಿದಂತೆ ಅಕ್ಕಿಯ ಮೇಲೆ ದೇವರ ನಾಮವನ್ನು ಬರೆಯುತ್ತಿದ್ದನು. ಮರುದಿನದಿಂದ ಶಾಲೆ.

ಶಾಲೆ ಸೇರುತ್ತಿದ್ದುದು ಬೆಳಗಿನ ಆರು ಗಂಟೆಗೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುವುದು. ಸೋಮಾರಿಗಳಿಗೆ ಬಸ್ಕಿ, ಕೈಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆಯೂ ಇತ್ತು. ಇದನ್ನು ಯಾವ ಪರಂಪರೆಯ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದಿದ ಬಳಿಕ ಓಲೆಗರಿಯ ಮೇಲೆ ಕಂಟದಿಂದ, ಇಲ್ಲವೇ ಹಲಗೆ ಹಾಗೂ ಕಡತಗಳ ಮೇಲೆ ಬಳಪದಿಂದ ಬರೆಯಬೇಕು. ಗಂಜಿ ಹಾಕಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟನ್ನು ಬಳಿದರೆ ಕಡತ ಸಿದ್ಧ. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಇಂದು ಕಚೇರಿಗಳಲ್ಲಿ ಧೂಳು ತಿನ್ನುವ ಕಡತಕ್ಕೆ ಹೆಸರು ಬಂದುದು ಈ ಕಡತದಿಂದಲೇ. ದಿನಕ್ಕೆ ಎರಡು ಬಾರಿ ಬಾಲಕರೆಲ್ಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಮಗ್ಗಿಗಳನ್ನೂ ಭಿನ್ನರಾಶಿಗಳನ್ನೂ ಒಕ್ಕೊರಲಿನಿಂದ ಹೇಳಬೇಕಾಗಿತ್ತು. ಆ ಭಿನ್ನರಾಶಿಗಳು ಹತ್ತರಿಂದಲ್ಲ, ನಾಲ್ಕರಿಂದ ಇಳಿಯುವಂಥವು: ಕಾಲು, ಅದರ ಕಾಲುಭಾಗ ವೀಸ, ಹೀಗೆ ಇನ್ನೂ ಕೆಳಕ್ಕೆ. ಮುಂದೆ ನಾನಾ ಕೈಬರಹದ ಕಾಗದಗಳನ್ನು ಓದುವುದು, ಕರಾರುಪತ್ರ ಬರೆಯುವುದು, ರಾಮಾಯಣ ಭಾರತ ಭಾಗವತಗಳು, ಅಮರಕೋಶ.

ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುತ್ತಾ ತನ್ನ ಪಾಠವನ್ನೂ ಗಟ್ಟಿಮಾಡಿಕೊಳ್ಳುವ ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಮದ್ರಾಸಿನ ಅನಾಥಾಲಯದಲ್ಲಿ ಇಂಥದೇ ಕ್ರಮವನ್ನು ನಡೆಸಿದ ಆಂಡ್ರ್ಯೂ ಬೆಲ್ 1797ರಲ್ಲಿ ಅದನ್ನು ಕುರಿತು ಪುಸ್ತಕ ಪ್ರಕಟಿಸಿದ ಮೇಲೆ ಅದು ಇಂಗ್ಲೆಂಡಿನ ಶಾಲೆಗಳಲ್ಲಿಯೂ ಹರಡಿತ್ತು. ಆದರೆ ಕಾವ್ಯಗಳ ಅರ್ಥ ತಿಳಿಯದೆ ಬಾಯಿಪಾಠ ಮಾಡಿಸುವುದನ್ನು ಅವನು ದೋಷವೆಂದೇ ಎಣಿಸಿದನು. ಅದು ಒಪ್ಪತಕ್ಕ ಮಾತೇ.

ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಅವರಲ್ಲಿ ಬ್ರಾಹ್ಮಣ ಬಾಲಕರು 1,185, ವೈಶ್ಯರು 981, ವರದಿಯು ಶೂದ್ರರೆಂದು ಗುರುತಿಸಿದವರು 2,998, ಇತರ ಜಾತಿಯವರು 1,174, ಮುಸಲ್ಮಾನರು 243. ವಿದ್ಯೆಯು ಅಗ್ರಹಾರಕ್ಕಷ್ಟೇ ಮೀಸಲಾಗಿತ್ತೆಂಬ ಮಾತಿಗೆ ಈ ಅಂಕಿಗಳೇ ಉತ್ತರ. ಹೆಣ್ಣುಮಕ್ಕಳಾದರೋ ಕೇವಲ 60! ಇದಕ್ಕೆ ಉತ್ತರವಿಲ್ಲ. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಸಂಸ್ಕೃತದಲ್ಲಿ ವೇದಾಂತ, ಜ್ಯೋತಿಷ, ತರ್ಕ, ಧರ್ಮಶಾಸ್ತ್ರಗಳನ್ನು ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಕಲಿಸುವ ಪಾಠಶಾಲೆಗಳು 23. ಇಲ್ಲಿ ವಿದ್ಯಾವಿಕ್ರಯವಿರಲಿಲ್ಲ, ಗುರುಗಳು ಸಂಭಾವನೆಯನ್ನು ಕೇಳುತ್ತಿರಲಿಲ್ಲ. ಹಿಂದಿನ ಅರಸರ ಕಾಲದಲ್ಲಿ ವಿದ್ವಾಂಸರ ಜೀವನವು ದತ್ತಿ, ಇನಾಮುಗಳಿಂದ ಸಾಗುತ್ತಿತ್ತು.

ಈ ಶಾಲೆಗಳು ಮುಚ್ಚಿಹೋದುದಕ್ಕೆ ಕಾರಣ ಪಾಠಕ್ರಮದ ದೋಷವಲ್ಲ. ಯೂರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಗಳಿಕೆ ಕುಸಿಯಿತು. ಮಗನನ್ನು ಶಾಲೆಗೆ ಕಳುಹಿಸಲು ತಂದೆಯ ಕೈಯಲ್ಲಿ ಕಾಸಿಲ್ಲವಾಯಿತು. ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲವೆಂದೂ, ಉಳಿದ 533ರಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿಲ್ಲದಿರುವುದು ನಾಚಿಕೆಯ ಸಂಗತಿಯೆಂದೂ ಕ್ಯಾಂಪ್‌ಬೆಲ್ ತನ್ನ ಮೇಲಧಿಕಾರಿಗಳಿಗೇ ಬರೆದನು. ಮನ್ರೋ 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಜಿಲ್ಲೆಗೂ ತಾಲ್ಲೂಕಿಗೂ ಸರ್ಕಾರಿ ಶಾಲೆಗಳನ್ನು ಸೂಚಿಸಿದನು. ಮರುವರ್ಷ ಜುಲೈ 6ರಂದು, ಪ್ರವಾಸದಲ್ಲಿದ್ದಾಗ, ಅದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು.