ಕಟ್ಟಡ ತ್ಯಾಜ್ಯದ ಪುಡಿ: ಸಿಮೆಂಟಿಗೆ ಭಾಗಶಃ ಬದಲಿ

ಕೆಡವಿದ ಕಟ್ಟಡಗಳ ಇಟ್ಟಿಗೆ, ಹೆಂಚುಗಳನ್ನು ನುಣ್ಣಗೆ ಅರೆದು ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬೆರೆಸುವ ವಿಧಾನ. ಕರ್ನಾಟಕಕ್ಕೆ ಇದು ಹಳೆಯ ವಿದ್ಯೆ. ಸುಟ್ಟ ಇಟ್ಟಿಗೆಯ ಪುಡಿಗೆ ಸುರ್ಕಿ ಎಂದು ಹೆಸರು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಕಲ್ಲುಗಳನ್ನು ಬೆಸೆದದ್ದು ಸುಣ್ಣ-ಸುರ್ಕಿಯ ಗಾರೆ.

ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಹುಟ್ಟುತ್ತದೆ. ಭಟ್ಟಿಯಲ್ಲಿ ಬೆಂದ ಜೇಡಿಮಣ್ಣಿನ ಸಿಲಿಕಾ, ಅಲ್ಯುಮಿನಾಗಳು ಆ ಸುಣ್ಣದೊಡನೆ ಕೂಡಿ ಸಿಮೆಂಟಿನ ಅಂಟಿನಂಥದ್ದನ್ನೇ ಕಟ್ಟುತ್ತವೆ. ಇದು ನಿಧಾನದ ಕ್ರಿಯೆ. ಆರಂಭದ ದಿನಗಳಲ್ಲಿ ಬಲ ಕಡಿಮೆ, ಕ್ಯೂರಿಂಗ್ ಹೆಚ್ಚು ದಿನ ಬೇಕು. ಪುಡಿಯೂ ಸಿಮೆಂಟಿನಷ್ಟೇ ನುಣುಪಾಗಿರಬೇಕು. ಸಾಮಾನ್ಯವಾಗಿ ಸಿಮೆಂಟಿನ ಶೇ. 10ರಿಂದ 20ರಷ್ಟನ್ನು ಹೀಗೆ ಬದಲಿಸಬಹುದು. ಹಳೆ ಕಾಂಕ್ರೀಟಿನ ಪುಡಿಗೆ ಈ ಗುಣ ತೀರ ಕಡಿಮೆ. ಒಮ್ಮೆ ಗಟ್ಟಿಯಾದ ಸಿಮೆಂಟನ್ನು ಅರೆದರೂ ಅದು ಮೊದಲಿನಂತೆ ಕಟ್ಟುವುದಿಲ್ಲ. ಅದು ಜಲ್ಲಿಯಾಗಿ ಹೋಗುವುದೇ ಸರಿ. ಐಎಸ್ 383:2016 ಮಾನಕದಂತೆ ಎಂ25 ದರ್ಜೆಯವರೆಗಿನ ಆರ್‌ಸಿಸಿಯಲ್ಲಿ ಇಂಥ ಜಲ್ಲಿ ಶೇ. 20ರಷ್ಟು ಇರಬಹುದು.

1949ರಲ್ಲಿ ಶಂಕುಸ್ಥಾಪನೆಯಾದ ಬೆಂಗಳೂರಿನ ರಾಜಾಜಿನಗರದಲ್ಲೂ ವಿಜಯನಗರ, ಬಸವೇಶ್ವರನಗರಗಳಲ್ಲೂ ಇಟ್ಟಿಗೆ ಗೋಡೆಯ ಹಳೆ ಮನೆಗಳು ಉರುಳಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಸುರ್ಕಿಗೆ ಬೇಕಾದ ಸರಕು ಇಲ್ಲೇ ಇದೆ, ಆದರೆ ಬೆರೆತುಹೋಗಿರುತ್ತದೆ. ಬಾಗಿಲು, ಕಿಟಕಿ, ಕಬ್ಬಿಣವನ್ನು ಮೊದಲೇ ಬಿಡಿಸಿ ಮಾರುತ್ತಾರೆ. ಆಮೇಲೆ ಜೆಸಿಬಿ ಬಾಚಿದ ರಾಶಿಯಲ್ಲಿ ಇಟ್ಟಿಗೆ, ಸಿಮೆಂಟ್ ಪ್ಲಾಸ್ಟರ್, ಟೈಲ್ಸ್, ಮಣ್ಣು, ಫಾಲ್ಸ್ ಸೀಲಿಂಗಿನ ಜಿಪ್ಸಂ ಎಲ್ಲ ಒಂದೇ. ಈ ಜಿಪ್ಸಂ ದೊಡ್ಡ ಶತ್ರು. ಅದರ ಸಲ್ಫೇಟ್ ಗಟ್ಟಿಯಾದ ಕಾಂಕ್ರೀಟನ್ನು ಒಳಗಿನಿಂದ ಉಬ್ಬಿಸಿ ಬಿರುಕು ಬಿಡಿಸುತ್ತದೆ. ಹಾಗಾಗಿ ಪ್ರಯೋಗಾಲಯದ ಸೂತ್ರಕ್ಕಿಂತ, ಕೆಡವುವ ದಿನ ಇಟ್ಟಿಗೆಯನ್ನು ಬೇರೆ ಗುಡ್ಡೆ ಹಾಕುವುದೇ ಮುಖ್ಯ. 2016ರ ಕೇಂದ್ರ ನಿಯಮಗಳು ದೊಡ್ಡ ಪ್ರಮಾಣದ ತ್ಯಾಜ್ಯವನ್ನು ಬೇರ್ಪಡಿಸಲು ಹೇಳಿದವು, ಆದರೆ ಇಟ್ಟಿಗೆ ಮತ್ತು ಗಾರೆಯನ್ನು ಒಂದೇ ವಿಭಾಗದಲ್ಲಿಟ್ಟವು. ಸುರ್ಕಿಗೆ ಅಷ್ಟು ಸಾಲದು. ಸಾಗಣೆಯದೂ ತೊಡಕೇ: ಸಂಸ್ಕರಣಾ ಘಟಕವಿರುವ ಚಿಕ್ಕಜಾಲ ನಗರದ ಉತ್ತರಕ್ಕಿದೆ, ಕೆಂಗೇರಿಯ ಟಿಪ್ಪರ್ ಊರನ್ನೇ ದಾಟಬೇಕು.

ಸುಟ್ಟ ಜೇಡಿಮಣ್ಣು ಬೆರೆತ ಸಿಮೆಂಟಿಗೆ ಐಎಸ್ 1489ರ ಎರಡನೇ ಭಾಗ ಎಂದೋ ಮಾನ್ಯತೆ ಕೊಟ್ಟಿದೆ. ಸುಣ್ಣಕಲ್ಲನ್ನೂ ಕೂಡಿಸಿದ ಸಿಮೆಂಟಿಗೆ 2023ರಲ್ಲಿ ಐಎಸ್ 18189 ಬಂತು. ಆದರೆ ಕೆಡವಿದ ಮನೆಯ ಇಟ್ಟಿಗೆ ಪುಡಿ ತಾನಾಗಿ ಈ ಮಾನಕಗಳಿಗೆ ಹೊಂದುವುದಿಲ್ಲ, ಪ್ರತಿ ರಾಶಿಯನ್ನೂ ಪರೀಕ್ಷಿಸಬೇಕು. ಅಲ್ಲಿಯವರೆಗೆ ಕಂಬ, ತೊಲೆ, ಸ್ಲ್ಯಾಬ್‌ಗಳಿಗೆ ಅದನ್ನು ಹಾಕಬಾರದು. ನೆಲದ ಬೆಡ್, ಪೇವರ್, ಕಾಂಪೌಂಡ್ ಗೋಡೆಯ ಬ್ಲಾಕ್‌ಗಳಿಂದ ಆರಂಭಿಸುವುದು ಕ್ಷೇಮ.