ಬಿದಿರಿನ ಫ್ಲೈ ಕೋಲು ಮತ್ತು ಲೈನ್ ಹೊಂದಾಣಿಕೆ

ಬಿದಿರಿನ ಫ್ಲೈ ಕೋಲು ಮತ್ತು ಲೈನ್ ಹೊಂದಾಣಿಕೆ ಎಂಬುದು ಫ್ಲೈ ಮೀನುಗಾರಿಕೆಯಲ್ಲಿ ಬಳಸುವ ಬಿದಿರಿನ ಗಾಳದ ಕೋಲಿಗೆ ತಕ್ಕ ತೂಕದ ದಾರವನ್ನು ಆರಿಸುವ ಕ್ರಮವಾಗಿದೆ. ಈ ದಾರವನ್ನು ಲೈನ್ ಎಂದೂ, ಗರಿ, ರೋಮ ಮತ್ತು ನೂಲುಗಳನ್ನು ಗಾಳಕ್ಕೆ ಸುತ್ತಿ ಮಾಡಿದ ಹುಸಿ ಕೀಟವನ್ನು ಫ್ಲೈ ಎಂದೂ ಕರೆಯುತ್ತಾರೆ. ಹಳೆಯ ಕೋಲುಗಳು ದಪ್ಪದಿಂದ ಅಳೆಯುತ್ತಿದ್ದ ರೇಷ್ಮೆ ಲೈನುಗಳಿಗಾಗಿ ತಯಾರಾದವು. ಇಂದಿನ ಲೈನುಗಳನ್ನು ತೂಕದಿಂದ ವರ್ಗೀಕರಿಸಲಾಗುತ್ತದೆ. ಆದ್ದರಿಂದ ಸಂಖ್ಯೆಯೊಂದನ್ನೇ ನೋಡಿ ಲೈನ್ ಆರಿಸುವುದು ಸಾಲದು. ಪ್ರತಿಯೊಂದು ಕೋಲನ್ನೂ ಎಸೆದು ಪರೀಕ್ಷಿಸಬೇಕಾಗುತ್ತದೆ.

ಲೈನಿನ ತೂಕದ ಪಾತ್ರ

ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ಅಥವಾ ಎರೆಯ ಭಾರವು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಮೀನುಗಾರಿಕೆಯಲ್ಲಿ ಇದು ತಿರುವುಮುರುವು. ಫ್ಲೈಗೆ ಹೇಳಿಕೊಳ್ಳುವಷ್ಟು ತೂಕವಿಲ್ಲ. ಲೈನಿನ ತೂಕವೇ ಅದನ್ನು ದೂರಕ್ಕೆ ಒಯ್ಯುತ್ತದೆ. ಕೋಲನ್ನು ಹಿಂದಕ್ಕೆ ಬೀಸಿದಾಗ ಗಾಳಿಯಲ್ಲಿ ಚಾಚಿಕೊಂಡ ಲೈನು, ಮುಂದಕ್ಕೆ ಬೀಸುವಾಗ ಕೋಲನ್ನು ಬಾಗಿಸುತ್ತದೆ. ಬಾಗಿದ ಕೋಲು ನೆಟ್ಟಗಾಗುವಾಗ ಲೈನು ಮುಂದಕ್ಕೆ ಚಿಮ್ಮುತ್ತದೆ. ಲೈನು ಹಗುರವಾದರೆ ಕೋಲು ಸಾಕಷ್ಟು ಬಾಗುವುದಿಲ್ಲ. ಭಾರವಾದರೆ ಅಗತ್ಯಕ್ಕಿಂತ ಹೆಚ್ಚು ಬಾಗಿ ನಿಧಾನವಾಗುತ್ತದೆ.

ಬಿದಿರಿನ ಕೋಲಿನ ರಚನೆ

ಈ ಕೋಲು ಇಡಿಯ ಬಿದಿರಿನ ಗಳುವಲ್ಲ. ಬಿದಿರನ್ನು ಸೀಳಿ, ತ್ರಿಕೋನಾಕಾರದ ಪಟ್ಟಿಗಳಾಗಿ ಹೆರೆದು, ಸಾಮಾನ್ಯವಾಗಿ ಆರು ಪಟ್ಟಿಗಳನ್ನು ಅಂಟಿನಿಂದ ಕೂಡಿಸಿ ಷಟ್ಕೋನದ ಕೋಲನ್ನು ರೂಪಿಸುತ್ತಾರೆ. ಗಟ್ಟಿಯಾದ ನಾರು ಬಿದಿರಿನ ಹೊರಮೈಯಲ್ಲಿ ಒತ್ತಾಗಿರುವುದರಿಂದ, ಆ ಮೈ ಕೋಲಿನ ಹೊರಭಾಗಕ್ಕೇ ಬರುವಂತೆ ನೋಡಿಕೊಳ್ಳಲಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಫಿಲಿಪ್ ಮತ್ತು ಮೇನ್ ರಾಜ್ಯದ ಹೈರಮ್ ಲಿಯೊನಾರ್ಡ್ ಈ ಕುಶಲಕಲೆಯ ಬೆಳವಣಿಗೆಯಲ್ಲಿ ಪ್ರಮುಖರು. ಆರಂಭದ ಕೋಲುಗಳಿಗೆ ಭಾರತದಿಂದ ಹೋಗುತ್ತಿದ್ದ, ‘ಕಲ್ಕತ್ತಾ ಬಿದಿರು’ ಎಂದು ಹೆಸರಾದ ಬಿದಿರನ್ನು ಬಳಸುತ್ತಿದ್ದರು. ಅನಂತರ ದಕ್ಷಿಣ ಚೀನಾದ ‘ಟೊಂಕಿನ್ ಬಿದಿರು’ ಅದರ ಸ್ಥಾನವನ್ನು ಪಡೆಯಿತು.

ಬುಡದಿಂದ ತುದಿಯವರೆಗೆ ಕೋಲು ಸಪೂರವಾಗುತ್ತ ಹೋಗುವ ಕ್ರಮಕ್ಕೆ ಟೇಪರ್ ಎಂದು ಹೆಸರು. ಕೋಲು ಎಲ್ಲಿ, ಎಷ್ಟು ಬಾಗಬೇಕೆಂಬುದನ್ನು ಇದು ನಿರ್ಧರಿಸುತ್ತದೆ. ಬಾಗುವಿಕೆಗೆ ಕೋಲು ಒಡ್ಡುವ ಪ್ರತಿರೋಧವು ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಅಂದರೆ ದಪ್ಪ ಶೇ. 5ರಷ್ಟು ಹೆಚ್ಚಿದರೆ ಬಿಗುವು ಸುಮಾರು ಶೇ. 22ರಷ್ಟು ಹೆಚ್ಚುತ್ತದೆ. ಕೈಯಿಂದ ಹೆರೆದ ಎರಡು ಕೋಲುಗಳು ನೋಡಲು ಒಂದೇ ತೆರನಾಗಿದ್ದರೂ ಬೇರೆ ಬೇರೆ ಲೈನುಗಳನ್ನು ಬೇಡುವುದಕ್ಕೆ ಇದೂ ಒಂದು ಕಾರಣ. ನ್ಯೂಯಾರ್ಕಿನ ಎಂಜಿನಿಯರ್ ಎವರೆಟ್ ಗ್ಯಾರಿಸನ್ ಕೋಲಿನ ಉದ್ದಕ್ಕೂ ಬೀಳುವ ಒತ್ತಡವನ್ನು ಗಣಿತದಿಂದ ಲೆಕ್ಕಹಾಕಿ ಟೇಪರ್‌ಗಳನ್ನು ರೂಪಿಸಿದರು. ಅವರ ವಿಧಾನವನ್ನು ವಿವರಿಸುವ ಗ್ರಂಥವು 1977ರಲ್ಲಿ ಪ್ರಕಟವಾಯಿತು.

ರೇಷ್ಮೆ ಲೈನು ಮತ್ತು ಅಕ್ಷರ ಸಂಕೇತ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ, ಹೆಣೆದ ರೇಷ್ಮೆಗೆ ಎಣ್ಣೆ ಕುಡಿಸಿ ಮಾಡಿದ ಲೈನುಗಳೇ ಬಳಕೆಯಲ್ಲಿದ್ದವು. ಅವುಗಳ ದಪ್ಪವನ್ನು ಇಂಗ್ಲಿಷ್ ಅಕ್ಷರಗಳಿಂದ ಸೂಚಿಸುತ್ತಿದ್ದರು. ಎ ಎಂದರೆ 0.060 ಅಂಗುಲ. ಮುಂದಿನ ಪ್ರತಿ ಅಕ್ಷರಕ್ಕೆ 0.005 ಅಂಗುಲ ಕಡಿಮೆಯಾಗುತ್ತ ಡಿ ಎಂದರೆ 0.045, ಎಚ್ ಎಂದರೆ 0.025 ಅಂಗುಲವಾಗುತ್ತದೆ. ‘ಎಚ್‌ಡಿಎಚ್’ ಎಂದು ಬರೆದಿದ್ದರೆ ಎರಡು ತುದಿಗಳು ಎಚ್ ದಪ್ಪ, ನಡುಭಾಗ ಡಿ ದಪ್ಪ ಎಂದು ಅರ್ಥ.

ಎಲ್ಲ ಲೈನುಗಳೂ ರೇಷ್ಮೆಯವೇ ಆಗಿದ್ದಾಗ ದಪ್ಪ ಗೊತ್ತಾದರೆ ತೂಕವೂ ಹೆಚ್ಚುಕಡಿಮೆ ಗೊತ್ತಾಗುತ್ತಿತ್ತು. ನೈಲಾನ್ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. ನೈಲಾನ್ ರೇಷ್ಮೆಗಿಂತ ಕಡಿಮೆ ಸಾಂದ್ರತೆಯುಳ್ಳದ್ದಾದ್ದರಿಂದ ಅದೇ ದಪ್ಪದ ನೈಲಾನ್ ಲೈನು ಹಗುರವಾಗಿರುತ್ತಿತ್ತು. 1950ರ ದಶಕದಲ್ಲಿ ಪ್ಲಾಸ್ಟಿಕ್ ಲೇಪನದ ಲೈನುಗಳು ಬಂದಾಗ ಅಕ್ಷರ ಸಂಕೇತವು ಪ್ರಯೋಜನವನ್ನು ಕಳೆದುಕೊಂಡಿತು.

ತೂಕದ ಸಂಖ್ಯೆಗಳು

1960ರ ಸುಮಾರಿಗೆ ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘವು ಲೈನಿನ ಮೊದಲ 30 ಅಡಿಯ (9.1 ಮೀಟರ್) ತೂಕವನ್ನು ಆಧರಿಸಿ ಹೊಸ ಮಾನಕವನ್ನು ರೂಪಿಸಿತು. ಇದರಲ್ಲಿ ಬಳಸುವ ಮಾನ ಗ್ರೇನ್. ಒಂದು ಗ್ರೇನ್ ಸುಮಾರು 0.065 ಗ್ರಾಂ. ಬಿದಿರಿನ ಕೋಲುಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಸಂಖ್ಯೆಗಳು ಹೀಗಿವೆ:

3: 100 ಗ್ರೇನ್ (6.5 ಗ್ರಾಂ)
4: 120 ಗ್ರೇನ್ (7.8 ಗ್ರಾಂ)
5: 140 ಗ್ರೇನ್ (9.1 ಗ್ರಾಂ)
6: 160 ಗ್ರೇನ್ (10.4 ಗ್ರಾಂ)
7: 185 ಗ್ರೇನ್ (12 ಗ್ರಾಂ)

ಪ್ರತಿ ಸಂಖ್ಯೆಗೂ ಕೆಲವು ಗ್ರೇನ್‌ಗಳ ವ್ಯತ್ಯಾಸಕ್ಕೆ ಅವಕಾಶವಿದೆ. ಹಳೆಯ ಎಚ್‌ಡಿಎಚ್ ಲೈನನ್ನು ಇಂದಿನ 5 ಅಥವಾ 6ಕ್ಕೆ ಸಮವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಇದು ಅಂದಾಜು ಮಾತ್ರ. ದಪ್ಪದ ಅಳತೆಯನ್ನು ತೂಕಕ್ಕೆ ಕರಾರುವಾಕ್ಕಾಗಿ ಪರಿವರ್ತಿಸುವ ಕೋಷ್ಟಕ ಸಾಧ್ಯವಿಲ್ಲ.

ಎಸೆತದ ದೂರ

ಮಾನಕದ ಸಂಖ್ಯೆಯು 30 ಅಡಿ ಲೈನು ಕೋಲಿನ ತುದಿಯಿಂದ ಹೊರಗಿರುವಾಗ ಮಾತ್ರ ನಿಜವಾಗುತ್ತದೆ. 4ನೇ ಸಂಖ್ಯೆಯ ಲೈನು ಸರಾಸರಿ ಅಡಿಗೆ 4 ಗ್ರೇನ್ ತೂಗುತ್ತದೆ. ಆದ್ದರಿಂದ 35 ಅಡಿ ಹೊರಬಿಟ್ಟರೆ, ಕೋಲಿನ ಮೇಲೆ ಬೀಳುವ ಭಾರ ಸುಮಾರು 140 ಗ್ರೇನ್, ಅಂದರೆ 30 ಅಡಿ ಹೊರಬಿಟ್ಟ 5ನೇ ಸಂಖ್ಯೆಯ ಲೈನಿನಷ್ಟು ಆಗುತ್ತದೆ. ಇಪ್ಪತ್ತು ಅಡಿಯೊಳಗೆ ಎಸೆಯಬೇಕಾದ ಸಣ್ಣ ಹಳ್ಳಗಳಲ್ಲಿ ಒಂದು ಸಂಖ್ಯೆ ಭಾರವಾದ ಲೈನೂ, ದೂರದ ಎಸೆತ ಬೇಕಾದ ಅಗಲವಾದ ಹೊಳೆಯಲ್ಲಿ ಒಂದು ಸಂಖ್ಯೆ ಹಗುರವಾದ ಲೈನೂ ಅದೇ ಕೋಲಿಗೆ ಹೊಂದಬಹುದು.

ಲೈನಿನ ಆಕಾರ

ಎರಡು ತುದಿಗಳೂ ಒಂದೇ ರೀತಿ ಸಪೂರವಾಗಿರುವ ಲೈನಿಗೆ ಡಬಲ್ ಟೇಪರ್ ಎಂದು ಹೆಸರು. ಹತ್ತಿರದ ಹಾಗೂ ಮಧ್ಯಮ ದೂರದ ಎಸೆತದಲ್ಲಿ ಬಿದಿರಿನ ನಿಧಾನವಾದ ಚಲನೆಗೆ ಇದು ಹೊಂದುವುದರಿಂದ ಅನೇಕರು ಇದನ್ನು ಆರಿಸುತ್ತಾರೆ. ಒಂದು ತುದಿ ಸವೆದರೆ ತಿರುಗಿಸಿ ಇನ್ನೊಂದನ್ನು ಬಳಸಬಹುದು. ಭಾರವೆಲ್ಲ ಮುಂಭಾಗದಲ್ಲಿರುವ ವೆಯ್ಟ್ ಫಾರ್ವರ್ಡ್ ಲೈನು ದೂರದ ಎಸೆತಕ್ಕೆ ಅನುಕೂಲ. ಒಂದೇ ತೂಕದ ಪ್ಲಾಸ್ಟಿಕ್ ಲೈನಿಗಿಂತ ರೇಷ್ಮೆ ಲೈನು ಸಪೂರವಾಗಿದ್ದು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಆದರೆ ತೇಲಬೇಕಾದರೆ ಅದಕ್ಕೆ ಜಿಡ್ಡು ಸವರಬೇಕು. ಬಳಸಿದ ಮೇಲೆ ಬಿಡಿಸಿ ಒಣಗಿಸಬೇಕು.

ಪರೀಕ್ಷಿಸುವ ಕ್ರಮ

ಕೋಲಿನ ಮೇಲೆ ಗುರುತು ಇಲ್ಲದಿದ್ದರೆ ಹಗುರವಾದ ಲೈನಿನಿಂದ ಆರಂಭಿಸಿ ಒಂದೊಂದೇ ಸಂಖ್ಯೆ ಮೇಲಕ್ಕೆ ಹೋಗುವುದು ಸುರಕ್ಷಿತ. ಬಯಲಿನಲ್ಲಿ, ಫ್ಲೈ ಇಲ್ಲದೆ, 30 ಅಡಿ ಲೈನನ್ನು ಬಿಟ್ಟು ಎಸೆಯಬೇಕು. ತೋಳಿನ ಬಲ ಹಾಕಿದರಷ್ಟೇ ಲೈನು ಚಾಚಿಕೊಳ್ಳುವುದಾದರೆ ಅದು ಹಗುರ. ಗಾಳಿಯಲ್ಲಿ ಲೈನಿನ ಸುರುಳಿ ಅಗಲವಾಗಿ ತೆರೆದುಕೊಂಡು, ಕೋಲಿನ ತುದಿ ಜೋತು, ಲೈನು ಹಿಂದೆ ನೆಲಕ್ಕೆ ಬೀಳುವಂತಾದರೆ ಅದು ಭಾರ. ಮಣಿಕಟ್ಟಿಗೆ ಶ್ರಮವಿಲ್ಲದೆ ಲೈನು ನೇರವಾಗಿ ಬಿಚ್ಚಿಕೊಂಡರೆ ಹೊಂದಾಣಿಕೆ ಸರಿಯಾಗಿದೆ.

ಅಳತೆಯ ವಿಧಾನವೂ ಉಂಟು. ವಿಲಿಯಂ ಹ್ಯಾನೆಮನ್ ರೂಪಿಸಿದ ಕ್ರಮದಲ್ಲಿ, ಕೋಲನ್ನು ಅಡ್ಡಲಾಗಿ ಬಿಗಿದು, ತುದಿಗೆ ಕಟ್ಟಿದ ಚೀಲಕ್ಕೆ ಅಮೆರಿಕದ ಸೆಂಟ್ ನಾಣ್ಯಗಳನ್ನು ಒಂದೊಂದಾಗಿ ಹಾಕುತ್ತಾರೆ. ತುದಿಯು ಕೋಲಿನ ಉದ್ದದ ಮೂರನೆಯ ಒಂದು ಭಾಗದಷ್ಟು ಕೆಳಗಿಳಿದಾಗ ನಾಣ್ಯಗಳನ್ನು ಎಣಿಸಿ ಕೋಲಿನ ಬಲವನ್ನು ನಿರ್ಣಯಿಸುತ್ತಾರೆ. ತೀರ ಹಳೆಯ ಕೋಲುಗಳನ್ನು ಇಷ್ಟು ಬಾಗಿಸುವುದು ಅಪಾಯಕರ.

ತಪ್ಪು ಹೊಂದಾಣಿಕೆಯ ಪರಿಣಾಮ

ಭಾರವಾದ ಲೈನನ್ನು ಬಹುಕಾಲ ಬಳಸಿದರೆ ಬಿದಿರು ಬಾಗಿದಂತೆಯೇ ಉಳಿದುಬಿಡಬಹುದು. ಹಳೆಯ ಅಂಟು ಬಿಟ್ಟು ಪಟ್ಟಿಗಳು ಬೇರ್ಪಡುವುದೂ, ತುಂಡುಗಳನ್ನು ಜೋಡಿಸುವ ಲೋಹದ ಕೊಳವೆಯ ಬಳಿ ಕೋಲು ಮುರಿಯುವುದೂ ಸಾಧ್ಯ. ಲೈನು ಹಗುರವಾಗಿದ್ದರೆ ಕೆಡುವುದು ಆ ದಿನದ ಎಸೆತ ಮಾತ್ರ. ಭಾರವಾಗಿದ್ದರೆ ಕೋಲೇ ಕೆಡಬಹುದು. ಆದ್ದರಿಂದ ಎರಡು ಸಂಖ್ಯೆಗಳ ನಡುವೆ ಸಂದೇಹ ಬಂದಾಗ ಹಗುರವಾದುದನ್ನು ಆರಿಸುವುದು ಹಳೆಯ ಕೋಲುಗಳ ಮಟ್ಟಿಗೆ ಉತ್ತಮ ಕ್ರಮವಾಗಿದೆ.