ಕೌಸ್ಲಿಪ್: ತಪ್ಪಾಗಿ ಬಿಡಿಸಲ್ಪಟ್ಟ ಒಂದು ಹೂವಿನ ಹೆಸರು

ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಅರಳುವ ಹಳದಿ ಕಾಡುಹೂವು ಕೌಸ್ಲಿಪ್. ಒಂದೇ ದಂಟಿನ ತುದಿಯಲ್ಲಿ ಹಲವು ಹೂಗಳು ಗೊಂಚಲಾಗಿ ಬಾಗಿ ತೂಗುತ್ತವೆ. ಇದರ ಸಸ್ಯಶಾಸ್ತ್ರೀಯ ಹೆಸರು ಪ್ರಿಮ್ಯುಲ ವೆರಿಸ್; ಲ್ಯಾಟಿನ್ ಭಾಷೆಯ 'ವೆರಿಸ್' ಎಂದರೆ 'ವಸಂತದ' ಎಂದರ್ಥ.

ಪದವನ್ನು ತಪ್ಪು ಸ್ಥಳದಲ್ಲಿ ಬಿಡಿಸಿದರೆ ಅರ್ಥ ಕೆಡುತ್ತದೆ ಎಂಬುದನ್ನು ನಮ್ಮ ಮಕ್ಕಳು ಸಂಧಿಯ ಪಾಠದಲ್ಲಿಯೇ ಕಲಿಯುತ್ತಾರೆ. ಈ ಹೂವಿನ ಹೆಸರಿಗೂ ಅದೇ ಗತಿ ಒದಗಿದೆ. ಇದರಲ್ಲಿ 'ಕೌ' ಮತ್ತು 'ಲಿಪ್' ಎಂಬ ಪದಗಳನ್ನು ಕಂಡು, 'ಹಸುವಿನ ತುಟಿ' ಎಂದು ಅರ್ಥ ಮಾಡುವವರುಂಟು. ಆದರೆ ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಕೂಸ್ಲಿಪ್ಪೆ'. 'ಕೂ' ಎಂದರೆ ಹಸು. 'ಸ್ಲಿಪ್ಪೆ' ಎಂದರೆ ಲೋಳೆಯಂತಹ ವಸ್ತು, ಇಲ್ಲಿ ಸಗಣಿ. ದನ ಮೇಯುವ ನೆಲದಲ್ಲಿ ಬೆಳೆಯುವುದರಿಂದ ಈ ಹೆಸರು ಬಂದಿತೆಂದು ನಿಘಂಟುಕಾರರು ವಿವರಿಸುತ್ತಾರೆ.

ಇದೇ ಕುಲದ 'ಆಕ್ಸ್‌ಲಿಪ್' ಎಂಬ ಹೂವಿನ ಹೆಸರು ಎತ್ತಿನ ಸಗಣಿಯಿಂದ ಬಂದುದು. ಅಲ್ಲಿ 'ಆಕ್ಸ್' ಪದದ ಕೊನೆಯ ಸಕಾರದೊಡನೆ 'ಸ್ಲಿಪ್' ಪದದ ಮೊದಲ ಸಕಾರವು ಬೆರೆತು, ಬರಹದಲ್ಲಿಯೂ 'ಲಿಪ್' ಮಾತ್ರ ಉಳಿಯಿತು. ಜರ್ಮನರು ಕೌಸ್ಲಿಪ್ಪನ್ನು 'ಬೀಗದ ಕೈಯ ಹೂ' ಎಂದು ಕರೆಯುತ್ತಾರೆ; ಅವರ ಕಣ್ಣಿಗೆ ಆ ಗೊಂಚಲು ಬೀಗದ ಕೈಗಳ ಗೊಂಚಲಿನಂತೆ ಕಂಡಿತು.

ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಹುಲ್ಲುಗಾವಲುಗಳನ್ನು ಉತ್ತು ಹೊಲ ಮಾಡಿದುದರಿಂದ ಕೌಸ್ಲಿಪ್ ಬಹಳ ಕಡಿಮೆಯಾಯಿತು. 2007ರಲ್ಲಿ ಮಕ್ಕಳ ನಿಘಂಟಾದ ಆಕ್ಸ್‌ಫರ್ಡ್ ಜೂನಿಯರ್ ಡಿಕ್ಷನರಿಯಿಂದ ಈ ಪದವನ್ನೂ, ಹುಲ್ಲುಗಾವಲು ಎಂಬರ್ಥದ 'ಪಾಶ್ಚರ್' ಪದವನ್ನೂ ಕೈಬಿಡಲಾಯಿತು. 'ಬ್ಲಾಗ್', 'ಬ್ರಾಡ್‌ಬ್ಯಾಂಡ್' ಮೊದಲಾದವು ಸೇರಿದವು. ಮಕ್ಕಳ ಬಳಕೆಯ ಪದಗಳನ್ನೇ ಆರಿಸಬೇಕಾಗಿದೆ ಎಂಬುದು ಪ್ರಕಾಶಕರ ಸಮರ್ಥನೆ. 2015ರಲ್ಲಿ ಮಾರ್ಗರೆಟ್ ಆಟ್‌ವುಡ್ ಸೇರಿದಂತೆ 28 ಮಂದಿ ಲೇಖಕರು ಪತ್ರ ಬರೆದು ಇದನ್ನು ಪ್ರತಿಭಟಿಸಿದರು.

ಲೋಕವ್ಯಾಪಿಯಾದ ಇಂಗ್ಲಿಷಿನಲ್ಲಿಯೇ ಹೂವಿನ ಹೆಸರು ಮಕ್ಕಳ ಕೈತಪ್ಪಬಹುದಾದರೆ, ಗಡಿಯಾಚೆಯ ಕನ್ನಡ ಶಾಲೆಗಳ ನಾವು ಇನ್ನಷ್ಟು ಎಚ್ಚರದಿಂದಿರಬೇಕು. ತುಂಬೆ, ಎಕ್ಕ, ಉತ್ತರಾಣಿ, ತಂಗಡಿ ಎಂಬ ಹೆಸರುಗಳನ್ನು ಮಕ್ಕಳಿಗೆ ಗಿಡದ ಬಳಿಯೇ ನಿಂತು ಹೇಳಿಕೊಡೋಣ. ಆಯಾ ಊರಿನ ಹಿರಿಯರು ಬಳಸುವ ಹೆಸರನ್ನೂ ಕೇಳಿ ಬರೆಸೋಣ.